ಬೀಗರು ತಂದ ಕ್ಯಾಸೆಟ್

ದ್ರೌಪತಿ ನಗಬಾರದೆಂದು ಅವಳ ಅವ್ವ ಶಕುಂತಲಾಬಾಯಿ ಕಟ್ಟಪ್ಪಣೆ ಮಾಡಿದ್ದಳು. ನಗುವುದಷ್ಟೇ ಅಲ್ಲ, ಬಾಯಿ ತೆರೆದು ಆಕಳಿಸುವುದು, ಓಣಿಯ ಆ ತುದಿಯಲ್ಲಿದ್ದವರನ್ನು ಈ ತುದಿಯಿಂದ ಕೂಗುವುದು, ಶೇಂಗಾ ಒಡೆಯಲು ಹಲ್ಲು ಹಚ್ಚುವುದು, ಎಲ್ಲವೂ ಬಂದ್. ಹುಮನಾಬಾದಿನ ಬೀಗರು ಬಂದು ಸಕ್ಕರೆ ಹಾಕಿ ಹೋಗುವ ತನಕ ತುಟಿ ಎರಡು ಮಾಡಕೂಡದು. ಊಟಕ್ಕೆ ಮಾತ್ರ ರಿಯಾಯಿತಿ, ಅದೂ ಅಡುಗೆಮನೆಯ ಮೂಲೆಯಲ್ಲಿ.

ಇಷ್ಟಕ್ಕೆಲ್ಲ ಕಾರಣ ಎರಡು ಹಲ್ಲು. ಮೇಲಿನ ಸಾಲಿನ ಎರಡೂ ಕೋರೆಹಲ್ಲು ತಮ್ಮ ಜಾಗ ಬಿಟ್ಟು ಮುಂದೆ ಬಂದು ಪಕ್ಕದ ಹಲ್ಲುಗಳ ಮೇಲೆ ಹತ್ತಿ ಕೂತಿದ್ದವು. ತುದಿ ಬೇರೆ ಚೂಪು. ಬಾಯಿ ಮುಚ್ಚಿದ್ದರೆ ಮೋರಖಂಡಿಯಲ್ಲಿ ಅವಳಷ್ಟು ಲಕ್ಷಣವಾದ ಹುಡುಗಿ ಇನ್ನೊಬ್ಬಳಿಲ್ಲ. ಬಾಯಿ ತೆರೆದರೆ ಮೊದಲು ಆ ಎರಡು ಹಲ್ಲು ನಗುತ್ತಿದ್ದವು, ಆಮೇಲೆ ದ್ರೌಪತಿ. ಊರವರು ಅದನ್ನು ಅವಳ ಸಣ್ಣಂದಿನಿಂದ ನೋಡಿದವರು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಹೆಣ್ಣು ನೋಡಲು ಬಂದವರು ಮಾತ್ರ ಕೆಡಿಸಿಕೊಂಡರು. ಹುಲಸೂರಿನವರು ಅವಲಕ್ಕಿ ತಿಂದು, ಚಹಾ ಕುಡಿದು, "ಇಂಥಾ ಹಲ್ಲು ಗಂಡಗ ಆಗಿಬರೂದಿಲ್ರಿ" ಎಂದು ಮುಖಕ್ಕೆ ಹೊಡೆದಂತೆ ಹೇಳಿ ಎದ್ದಿದ್ದರು. ಗಡಿಯಾಚೆಯ ಇನ್ನೊಂದು ಮನೆಯವರು ಅಷ್ಟು ಕಷ್ಟವನ್ನೂ ತೆಗೆದುಕೊಳ್ಳದೆ, ಬೇಡವೆಂದು ಬಸ್ಸಿನ ಕಂಡಕ್ಟರನ ಬಾಯಲ್ಲಿ ಹೇಳಿ ಕಳಿಸಿದ್ದರು.

ಈ ಸಲವೂ ಮುರಿದರೆ ಮುಂದೆ ಯಾರು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮುಂದೆ ಬಂಡೆಪ್ಪ. ಶಕುಂತಲಾಬಾಯಿಗೆ ದೂರದಿಂದ ತಮ್ಮನಾಗಬೇಕಾದ ಈ ಬಂಡೆಪ್ಪನ ಹೆಂಡತಿ ತೀರಿಕೊಂಡಿದ್ದಳು. ದೊಡ್ಡ ಮಗಳು ದ್ರೌಪತಿಗಿಂತ ಸ್ವಲ್ಪವೇ ಸಣ್ಣವಳು. "ಯಾರೂ ಸಿಗಲಿಲ್ಲಂದ್ರ ನಾ ಇದ್ದೇನಲ್ಲ, ಅಕ್ಕಾ. ನನಗ ಹಲ್ಲು ಗಿಲ್ಲು ನಡೀತದ" ಎಂದು ಬಂದಾಗಲೊಮ್ಮೆ ಅನ್ನುತ್ತಿದ್ದ. ಅವನ ಈ ಔದಾರ್ಯ ನೆನೆದರೆ ದ್ರೌಪತಿಗೆ ಮೈಯೆಲ್ಲ ಉರಿಯುತ್ತಿತ್ತು.

ಹುಮನಾಬಾದಿನವರು ಹೆಣ್ಣು ನೋಡಲು ಬಂದಾಗ ಶಕುಂತಲಾಬಾಯಿ ಮಗಳನ್ನು ಚೆನ್ನಾಗಿ ತಯಾರು ಮಾಡಿದ್ದಳು. ದ್ರೌಪತಿ ಸೆರಗು ಹೊದ್ದು, ನೆಲ ನೋಡುತ್ತ, ಕೇಳಿದ್ದಕ್ಕೆಲ್ಲ ಮೂಗಿನಲ್ಲೇ ಹೂಂ ಎಂದಳು. ಹುಡುಗ ಸೂರ್ಯಕಾಂತ ಬಿ.ಎ. ಓದಿ ಹುಮನಾಬಾದಿನಲ್ಲಿ ರೇಡಿಯೋ ರಿಪೇರಿಯ ಅಂಗಡಿ ಇಟ್ಟವನು. ಅವನೂ ಒಂದು ಮಾತಾಡಲಿಲ್ಲ. ತಾಯಿಯಿಲ್ಲದ ಅವನನ್ನು ಸಾಕಿದ ಸೋದರತ್ತೆ ರುಕ್ಮಿಣಿಬಾಯಿಯೇ ಎಲ್ಲಕ್ಕೂ ಉತ್ತರ ಕೊಟ್ಟಳು. ಎಂಥ ಸೊಕ್ಕಿನ ಮನುಷ್ಯ ಎಂದುಕೊಂಡಿದ್ದಳು ದ್ರೌಪತಿ. ಆದರೂ ಮರುದಿನವೇ ಒಪ್ಪಿಗೆ ಬಂತು. "ಹುಡುಗಿ ಭಾಳ ಶಾಂತ ಇದ್ದಾಳ" ಎಂದು ರುಕ್ಮಿಣಿಬಾಯಿ ಹೊಗಳಿದಳಂತೆ. ಓಣಿಯವರು ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಈಗ ಸಾಖರಪುಡಾ. ಹುಡುಗನ ಕಡೆಯ ಹಿರಿಯ ಹೆಂಗಸು ಹುಡುಗಿಯ ಉಡಿ ತುಂಬಿ, ಎಲ್ಲರೆದುರು ಅವಳ ಬಾಯಿಗೆ ಸಕ್ಕರೆ ಹಾಕಿದರೆ ಮಾತು ಗಟ್ಟಿಯಾದಂತೆ. ಆಮೇಲೆ ಹಲ್ಲು ಕಂಡರೂ ಹಿಂದೆ ಸರಿಯುವುದು ಮರ್ಯಾದಸ್ಥರಿಗೆ ಸಾಧ್ಯವಿಲ್ಲ, ಇದು ಶಕುಂತಲಾಬಾಯಿಯ ಲೆಕ್ಕ. ಆದರೆ ಸಕ್ಕರೆ ಹಾಕಿಸಿಕೊಳ್ಳಲು ಬಾಯಿ ತೆರೆಯಬೇಕಲ್ಲ? ಅದಕ್ಕೂ ಅವಳು ಉಪಾಯ ಮಾಡಿದ್ದಳು. ಸೆರಗು ಮೂಗಿನ ತನಕ ಇಳಿಸಿ, ಮೇಲ್ದುಟಿ ಅಲುಗಿಸದೆ ಕೆಳದುಟಿ ಮಾತ್ರ ಸ್ವಲ್ಪ ಸಡಿಲಿಸಬೇಕು. ಎಷ್ಟೋ ದಿನದಿಂದ ಬೆಲ್ಲದ ಪುಡಿ ಹಾಕಿ ಹಾಕಿ ಮಗಳಿಗೆ ತಾಲೀಮು ಕೊಟ್ಟಿದ್ದಳು.

ಬೀಗರು ಮಧ್ಯಾಹ್ನವೇ ಜೀಪಿನಲ್ಲಿ ಬಂದಿಳಿದರು. ಜೊತೆಗೆ ಟಿವಿ ಮತ್ತು ವಿಡಿಯೋ ಬಂದದ್ದು ನೋಡಿ ಊರಿಗೆ ಊರೇ ಹಿಂದೆ ಬಂತು. ಎಂಬತ್ತಾರನೆಯ ಇಸವಿಯಲ್ಲಿ ಮೋರಖಂಡಿಗೆ ವಿಡಿಯೋ ಬರುವುದೆಂದರೆ ಸಣ್ಣ ಮಾತಲ್ಲ. ಬಸವಕಲ್ಯಾಣದ ಬಸ್‌ಸ್ಟ್ಯಾಂಡ್ ಹತ್ತಿರ ಜಲಾಲುದ್ದೀನನ ಬಾಡಿಗೆ ಅಂಗಡಿಯಿಂದ ಸೂರ್ಯಕಾಂತನೇ ತಂದಿದ್ದ. ಮುಹೂರ್ತ ಗೋಧೂಳಿಗೆ, ಅಲ್ಲಿಯ ತನಕ ಹೊತ್ತು ಹೋಗಬೇಕಲ್ಲ ಎಂದು ರುಕ್ಮಿಣಿಬಾಯಿ ವಿವರಿಸಿದಳು. ಪಡಸಾಲೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದರು. ಗಂಡಸರು ಮುಂದೆ ಜಮಖಾನದ ಮೇಲೆ, ಬೀಗರ ಹೆಂಗಸರು ಗೋಡೆಗೆ ಒರಗಿ, ಊರ ಹೆಂಗಸರು ಸಂದಿಗೊಂದಿಯಲ್ಲಿ ಕೂತರು. ಬಂಡೆಪ್ಪನೂ ಎಲೆ ಅಡಿಕೆ ಮೆಲ್ಲುತ್ತ ಎಲ್ಲರಿಗಿಂತ ಮುಂದೆ ಕೂತ. ದ್ರೌಪತಿ ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತ ನಿಂತಳು.

ಮೊದಲು ಹಾಕಿದ್ದು ಶರಣರ ಭಕ್ತಿಚಿತ್ರ. ಎಲ್ಲರೂ ಕೈ ಮುಗಿದರು. ಮೊದಲ ಹಾಡು ಮುಗಿಯುವ ಮುಂಚೆಯೇ ಯಂತ್ರ ಕಿರಗುಟ್ಟಿ ರೀಲು ನುಂಗತೊಡಗಿತು. ಸೂರ್ಯಕಾಂತ ಮುಚ್ಚಳ ಬಿಚ್ಚಿ, ಮುದ್ದೆಯಾದ ರೀಲನ್ನು ಬಿಡಿಸಿ ಬಿಡಿಸಿ ಹೊರಗೆಳೆದ. ಅದು ಮತ್ತೆ ನಡೆಯುವಂತಿರಲಿಲ್ಲ. ಜನ ಮಾತ್ರ ಎದ್ದು ಹೋಗಲು ತಯಾರಿರಲಿಲ್ಲ.

"ಇನ್ನೊಂದ್ ಅದಲ್ಲಪಾ, ಜಲಾಲುದ್ದೀನ್ ಮ್ಯಾಲ ಕೊಟ್ಟದ್ದು" ಎಂದ ಹುಡುಗನ ತಂದೆ ಬಕ್ಕಪ್ಪ. "ಹಳೇ ಇಂಗ್ರೇಜಿ ಪಿಚ್ಚರ್, ಹೊಸದಾಗಿ ಕ್ಯಾಸೆಟ್ಟಿನ್ಯಾಗ ಬಂದದ, ಬಸವಕಲ್ಯಾಣದಾಗ ಮಂದಿ ಮುಗಿಬಿದ್ದು ಒಯ್ಯಾಕತ್ತಾರ ಅಂದ. ಅದನ್ನೇ ಹಾಕು."

ಸೂರ್ಯಕಾಂತ ಏನೋ ಹೇಳಲು ಹೋದಂತೆ ಕಂಡಿತು. ಹೇಳಲಿಲ್ಲ. ಸುಮ್ಮನೆ ಕ್ಯಾಸೆಟ್ ತಳ್ಳಿದ.

ಕಪ್ಪು ಬಿಳುಪಿನ ಚಿತ್ರ. ಬೆಟ್ಟದ ಮೇಲೊಂದು ಪಾಳುಬಿದ್ದ ಕೋಟೆ. "ನಮ್ಮ ಕಲ್ಯಾಣದ ಕ್ವಾಟಿ ಇದ್ದಂಗ ಅದ" ಎಂದು ಯಾರೋ ಅಂದರು. ಕೋಟೆಯ ನೆಲಮಾಳಿಗೆಯಲ್ಲಿ ಉದ್ದನೆಯ ಪೆಟ್ಟಿಗೆ. ಅದರ ಮುಚ್ಚಳ ತನ್ನಷ್ಟಕ್ಕೆ ತಾನು ಸರಿಯಿತು, ಒಳಗಿನಿಂದ ಐದು ಬೆರಳು ಹೊರಗೆ ಬಂದವು. ಕರಿ ನಿಲುವಂಗಿಯ ಉದ್ದ ಮನುಷ್ಯನೊಬ್ಬ ಎದ್ದು ನಿಂತ. ಅವನಿಗೆ ಕನ್ನಡಿಯಲ್ಲಿ ಬಿಂಬವಿರಲಿಲ್ಲ. ರುಕ್ಮಿಣಿಬಾಯಿ ಕೊರಳ ಲಿಂಗವನ್ನು ಸೆರಗಿನ ಮೇಲಿನಿಂದಲೇ ಗಟ್ಟಿಯಾಗಿ ಹಿಡಿದುಕೊಂಡಳು.

"ಏನ್ ಅನ್ನಾಕತ್ತಾನ್ರಿ ಅಂವ?" ಎಂದು ದ್ರೌಪತಿಯ ಅಪ್ಪ ಬಸವಣಪ್ಪ ಕೇಳಿದ. "ಅಳಿಯಂದ್ರು ಬಿ.ಎ. ಓದ್ಯಾರ, ಜರಾ ಬಿಡಿಸಿ ಹೇಳ್ರಿ. ಇಂಗ್ರೇಜಿ ನಮಗೆಲ್ಲಿ ತಿಳೀಬೇಕು."

"ಹೌದ್ರಿ, ಹೇಳ್ರಿ, ಹೇಳ್ರಿ" ಎಂದು ಜನವೂ ಗಂಟುಬಿತ್ತು.

ಎಲ್ಲರ ಮುಖ ಸೂರ್ಯಕಾಂತನ ಕಡೆಗೆ ತಿರುಗಿತು. ಟಿವಿಯ ಬೆಳಕು ಅವನ ಕೆನ್ನೆಯ ಮೇಲೆ ಬೀಳುತ್ತಿದ್ದುದರಿಂದ ದ್ರೌಪತಿಗೆ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಅವನು ಬಾಯಿ ತೆರೆದ. ಕೊರಳ ನರ ಉಬ್ಬಿತು, ಗದ್ದ ನಡುಗಿತು, ತುಟಿ ಒಂದೇ ಅಕ್ಷರದ ಮೇಲೆ ಸಿಕ್ಕಿಬಿದ್ದು ಬಡಿದಾಡಿತು. ಮಾತು ಮಾತ್ರ ಹೊರಗೆ ಬರಲಿಲ್ಲ.

"ಅವಗ ನಿನ್ನೆಯಿಂದ ಗಂಟಲು ಕಟ್ಟ್ಯದರಿ" ಎಂದು ರುಕ್ಮಿಣಿಬಾಯಿ ಎಲ್ಲಿಂದಲೋ ಹಾರಿಬಂದಂತೆ ಹೇಳಿದಳು. "ಅಂವ ಸತ್ತವ. ಮಂದಿ ರಗತ ಕುಡೀತಾನ. ಅಷ್ಟೇ, ಮತ್ತೇನ್ ತಿಳಕೊಳ್ಳೂದದ ಇದರಾಗ."

ಜನ ಅದಕ್ಕೇ ಸಮಾಧಾನಪಟ್ಟು ಮತ್ತೆ ಟಿವಿಯ ಕಡೆ ತಿರುಗಿದರು. ದ್ರೌಪತಿ ತಿರುಗಲಿಲ್ಲ. ಅದು ಗಂಟಲು ನೋವಲ್ಲ, ಸೊಕ್ಕೂ ಅಲ್ಲ ಎಂದು ಅವಳಿಗೆ ತಿಳಿದುಹೋಯಿತು. ಬಾಯಿ ಮುಚ್ಚಿಕೊಂಡು ಬದುಕುವುದೆಂದರೇನೆಂದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ವಿಡಿಯೋ ಯಾಕೆ ಬಂತೆಂಬುದೂ ಆಗ ಹೊಳೆಯಿತು. ಚಿತ್ರ ನಡೆಯುತ್ತಿದ್ದರೆ ಅಳಿಯನನ್ನು ಯಾರೂ ಮಾತಾಡಿಸುವುದಿಲ್ಲ. ಅವನ ಬಗ್ಗೆ ಅವಳಿಗೆ ಕೆಡುಕೆನಿಸಿತು. ಹಾಗೇ, ನಮ್ಮಿಂದ ಇದನ್ನು ಮುಚ್ಚಿಟ್ಟರಲ್ಲ ಎಂದು ಸಿಟ್ಟೂ ಬಂತು. ತಾನು ಮುಚ್ಚಿಟ್ಟದ್ದು ನೆನಪಾಗಿ ಸಿಟ್ಟು ಅರ್ಧಕ್ಕೇ ನಿಂತಿತು.

ಅಷ್ಟರಲ್ಲಿ ಚಿತ್ರದಲ್ಲಿ ಆ ಕರಿ ಮನುಷ್ಯ ಒಬ್ಬ ಹೆಣ್ಣುಮಗಳ ಕೊರಳಿಗೆ ಬಾಯಿ ಹಾಕಿದ. ಅವಳು ಸತ್ತಳು, ಪಾದ್ರಿಗಳು ಬಂದು ಹೂಳಿದರು. ಶಕುಂತಲಾಬಾಯಿ ಅಳಿಯನನ್ನು ಮಾತಾಡಿಸಿದಾಗಿನಿಂದಲೂ ಮಗಳ ಬೆನ್ನ ಹಿಂದೆ ನಿಂತು, ಅವಳ ಭುಜದ ಮೇಲಿಂದ ನೋಡುತ್ತಿದ್ದಳು. ಬಿಳಿ ಸೀರೆಯಂಥದ್ದೇನೋ ಉಟ್ಟ ಆ ಹೆಣ್ಣು ಗೋರಿಯಿಂದ ಎದ್ದು ಬಂದಳು. ಲಕ್ಷಣವಾದ ಮುಖ, ತಗ್ಗಿದ ಕಣ್ಣು, ಮುಚ್ಚಿದ ತುಟಿ. ಮೆಲ್ಲಗೆ ತಲೆಯೆತ್ತಿ ನಕ್ಕಳು.

ಮೇಲಿನ ಸಾಲಿನಲ್ಲಿ ಎರಡು ಕೋರೆಹಲ್ಲು.

ಶಕುಂತಲಾಬಾಯಿಯ ಉಗುರು ಮಗಳ ಭುಜದೊಳಗೆ ಇಳಿಯಿತು. "ಕರೆಂಟ್ ಹೋಗ್ಲಿ, ಯಪ್ಪಾ ಬಸವಣ್ಣಾ, ಕರೆಂಟ್ ಹೋಗ್ಲಿ" ಎಂದು ಕಿವಿಯ ಹತ್ತಿರ ಪಿಸುಗುಟ್ಟತೊಡಗಿದಳು. ದಿನಾ ಹೇಳದೆ ಕೇಳದೆ ಹೋಗುವ ಕರೆಂಟು ಅವತ್ತೊಂದು ದಿನ ಹೋಗಲಿಲ್ಲ. ಪರದೆಯ ಮೇಲಿನ ಹೆಣ್ಣು ಹತ್ತಿರ ಹತ್ತಿರ ಬರುತ್ತಲೇ ಇದ್ದಳು, ನಗುತ್ತಲೇ ಇದ್ದಳು. ಮುಖ ಟಿವಿಯ ತುಂಬ ಆಯಿತು. ದ್ರೌಪತಿ ತನ್ನ ತುಟಿಯನ್ನು ಬೆರಳಿನಿಂದ ಒತ್ತಿ ಹಿಡಿದಳು. ಊರವರು ಯಾರೂ ಏನೂ ಅನ್ನದಿದ್ದರೆ ಸಾಕು, ಈ ಒಂದು ಗಳಿಗೆ ದಾಟಿದರೆ ಸಾಕು.

"ಅಯ್ಯ ನಮ್ಮವ್ವಾ!" ಎಂದು ಕತ್ತಲಲ್ಲಿ ನೆರೆಮನೆಯ ಜಿಜಾಬಾಯಿ ಚಪ್ಪಾಳೆ ಹೊಡೆದಳು. "ನಮ್ಮ ದ್ರೌಪತಿ ಹಲ್ಲು ಇದ್ದಂಗೇ ಅದಾವ ನೋಡ್ರಿ!"

ಜಿಜಾಬಾಯಿಯ ಮನಸ್ಸಿನಲ್ಲಿ ಕಪಟವೆಂಬುದಿಲ್ಲ. ದ್ರೌಪತಿಯನ್ನು ಎತ್ತಿ ಆಡಿಸಿದವಳು, ಪ್ರೀತಿಗೆ ಅಂದದ್ದು. ಊರ ಹೆಂಗಸರು ಗೊಳ್ಳೆಂದು ನಕ್ಕರು. ಬೀಗರ ಕಡೆಯ ಹೆಂಗಸರು ನಗಲಿಲ್ಲ. ನಗು ತನ್ನಷ್ಟಕ್ಕೆ ತಾನೇ ಆರಿಹೋಯಿತು.

"ಏನಂದಿ?" ಎಂದಳು ರುಕ್ಮಿಣಿಬಾಯಿ.

ಜಿಜಾಬಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ರುಕ್ಮಿಣಿಬಾಯಿ ಎದ್ದು ಕಿಟಕಿಯ ಕಂಬಳಿ ಕಿತ್ತಳು. ಪಡುವಣದ ಬಿಸಿಲು ಒಳಗೆ ನುಗ್ಗಿತು. "ಹುಡುಗೀನ ಕರೀರಿ" ಎಂದಳು.

"ಮುಹೂರ್ತಕ್ಕ ಇನ್ನೂ ಹೊತ್ತದರಿ, ಬೀಗತ್ಯಾರ..." ಎಂದು ಶಕುಂತಲಾಬಾಯಿ ಮುಂದೆ ಬಂದಳು.

"ಮುಹೂರ್ತ ಆಮ್ಯಾಲ. ಮದಲ ಬಾಯಿ ತಗದು ತೋರಸ್ರಿ."

ಬಸವಣಪ್ಪ ಎದ್ದು ನಿಂತಿದ್ದ. ಕೈ ಕೈ ಹಿಸುಕುತ್ತಿದ್ದ. ರುಕ್ಮಿಣಿಬಾಯಿಯ ದನಿ ಏರಿತು. "ಅದಕ್ಕೇನು ತಲಿ ತಗ್ಗಿಸಿ ಕುಂದರಿಸಿದ್ದು? ಶಾಂತ ಹುಡುಗಿ ಅಂತ ನಾ ಊರ ತುಂಬ ಹೇಳಿಕೋತ ತಿರಗೀನಿ. ಪಿಶಾಚಿ ಹಲ್ಲು ಸೆರಗಿನ್ಯಾಗ ಮುಚ್ಚಿಟ್ಟು ನಮ್ಮ ಹುಡುಗನ ಕೊರಳಿಗೆ ಕಟ್ಟಾಕ ನಿಂತೀರಿ?"

ಶಕುಂತಲಾಬಾಯಿ ಈ ತನಕ ಅಂಗಲಾಚುವ ಮುಖ ಮಾಡಿಕೊಂಡಿದ್ದಳು. ಪಿಶಾಚಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅದು ಕಳಚಿಬಿತ್ತು. "ನಾವೇನ್ ಒಬ್ಬರೇ ಮುಚ್ಚೀವೇನ್ರಿ? ನಿಮ್ಮ ಹುಡುಗನ ಗಂಟಲಾಗ ಮಾತ ಯಾಕ ಸಿಗಬೀಳಾಕತ್ತದ? ನಾ ಕಣ್ಣಾರೆ ನೋಡೀನಿ. ಉಗ್ಗ ಅಂತ ಮದಲೇ ಹೇಳಬೇಕಿತ್ತು!"

ಹೇಳಬಾರದ್ದನ್ನು ಹೇಳಿ ಆಗಿತ್ತು. ಎರಡೂ ಕಡೆಯವರು ಎದ್ದು ನಿಂತರು. ನೀವು ಮುಚ್ಚಿದಿರಿ, ನೀವು ಮೊದಲು ಮುಚ್ಚಿದಿರಿ ಎಂದು ಗದ್ದಲವೆದ್ದಿತು. ಹಿಂದೆ ಟಿವಿಯಲ್ಲಿ ಯಾವಳೋ ಕಿರುಚುತ್ತಿದ್ದಳು, ಅದನ್ನು ಆರಿಸಬೇಕೆಂದು ಯಾರಿಗೂ ತೋಚಲಿಲ್ಲ. ರುಕ್ಮಿಣಿಬಾಯಿ ತಂದಿದ್ದ ಉಡಿ ಅಕ್ಕಿಯನ್ನು ಗಂಟು ಕಟ್ಟತೊಡಗಿದಳು. ಬಸವಣಪ್ಪ ತಲೆಯ ರುಮಾಲು ತೆಗೆದು ಬಕ್ಕಪ್ಪನ ಕಾಲ ಹತ್ತಿರ ಇಡಲು ಬಾಗಿದ. ಬಂಡೆಪ್ಪ ಒಬ್ಬ ಮಾತ್ರ ಆರಾಮಾಗಿ ಎಲೆಗೆ ಸುಣ್ಣ ಸವರುತ್ತ, "ಇರ್ಲಿ ಬಿಡ್ರಿ ಮಾವಾ, ನಾ ಇದ್ದೇನಲ್ಲ" ಎಂದ.

ದ್ರೌಪತಿ ಬಾಗಿಲಿನಿಂದ ಅಪ್ಪನ ಬರಿದಲೆ ನೋಡಿದಳು. ಆಮೇಲೆ ಸೂರ್ಯಕಾಂತನನ್ನು ನೋಡಿದಳು. ಅವನು ಯಂತ್ರದ ಪಕ್ಕದಲ್ಲಿ ಕೂತು ತಲೆ ತಗ್ಗಿಸಿ ನೆಲ ನೋಡುತ್ತಿದ್ದ. ಎರಡು ತಿಂಗಳು ತಾನು ಕೂತ ಹಾಗೇ ಕೂತಿದ್ದ. ಅವಳಿಗೆ ಸಾಕಾಗಿಹೋಯಿತು. ಸೆರಗು ತಲೆಯಿಂದ ಹಿಂದಕ್ಕೆ ಸರಿಸಿ ಪಡಸಾಲೆಗೆ ಬಂದಳು.

"ಅಪ್ಪಾ, ರುಮಾಲ ತಲಿಗೆ ಸುತ್ತಗೋ" ಎಂದಳು. ಓಣಿಯ ಆ ತುದಿಗೂ ಕೇಳುವ ಅವಳ ಹಳೆಯ ದನಿ. ಗದ್ದಲ ನಿಂತಿತು. ಬೀಗರ ಹೆಂಗಸರ ಕಣ್ಣು ಅವಳ ಬಾಯಿಯ ಮೇಲೆ ನೆಟ್ಟಿತು. ಒಬ್ಬಾಕೆ ಎರಡು ಹೆಜ್ಜೆ ಹಿಂದೆ ಸರಿದಳು. ದ್ರೌಪತಿ ಮುಚ್ಚಿಕೊಳ್ಳಲಿಲ್ಲ. "ಅತ್ತಿಯವ್ರ, ನೋಡಿಕೊಳ್ರಿ, ಹಲ್ಲು ಇವೇ. ಮುಚ್ಚಿದ್ದು ನಮ್ಮ ತಪ್ಪು. ಆದ್ರ ಲಗ್ನ ಆಗಾವ್ರು ಅವ್ರು. ಬೇಕೋ ಬ್ಯಾಡೋ ಅವ್ರೇ ಹೇಳ್ಲಿ."

"ಅವನ ಮಾತು ನಾ ಹೇಳತೀನಿ. ಸಣ್ಣಾಂವ ಇದ್ದಾಗಿಂದ ನಾನೇ ಹೇಳೀನಿ."

"ಇಲ್ರಿ. ಅವ್ರ ಬಾಯಿಂದ ಬರ್ಲಿ."

"ಅವಗ ಬರೂದಿಲ್ಲ ಅಂತ ಗೊತ್ತಿದ್ದೂ..." ರುಕ್ಮಿಣಿಬಾಯಿಯ ದನಿ ಒಡೆಯಿತು. "ಮಂದಿ ಮುಂದ ಯಾಕ ಅವನ ಮಾನಾ ಕಳೀತಿ?"

ಅದೇ ಹೆದರಿಕೆ ದ್ರೌಪತಿಗೂ ಇತ್ತು. ಅವನು ಬಾಯಿ ತೆರೆದು ಸಿಕ್ಕಿಬಿದ್ದು, ಯಾರಾದರೂ ಪಕ್ಕನೆ ನಕ್ಕರೆ, ಆ ಪಾಪ ತನಗೇ. ಹಿಂದೆ ಸರಿಯಬಹುದಿತ್ತು. ಸರಿಯಲಿಲ್ಲ. ಅವನೆದುರು ಜಮಖಾನದ ಮೇಲೆ ಕೂತು, ದನಿ ಇಳಿಸಿ, "ಎಷ್ಟ್ ಹೊತ್ತಾದ್ರೂ ಆಗ್ಲಿ, ನಾ ಕುಂತಿರತೀನಿ. ಹೇಳ್ರಿ" ಎಂದಳು.

ಸೂರ್ಯಕಾಂತ ತಲೆಯೆತ್ತಿದ. ಮೊದಲು ಕೈ ಚಾಚಿ ಟಿವಿ ಆರಿಸಿದ. ಬಾಯಿ ತೆರೆದ. "ಅ... ಅ... ಅ..."

ಮಾತು ಅಲ್ಲೇ ಸಿಕ್ಕಿತು. ಅವನ ಹಣೆಯ ಮೇಲೆ ಬೆವರು ಒಡೆಯಿತು. ರುಕ್ಮಿಣಿಬಾಯಿ ಅಭ್ಯಾಸಬಲದಿಂದ ಮುಂದೆ ಬಾಗಿ ಏನೋ ಅನ್ನಲು ಹೋದಳು. ದ್ರೌಪತಿ ಅವಳ ಕೈ ಹಿಡಿದು ಕೂರಿಸಿದಳು. ಬಂಡೆಪ್ಪ ಕೆಮ್ಮಿದ, ಜಿಜಾಬಾಯಿ ಅವನ ಕಡೆ ಎಂಥ ನೋಟ ಬೀರಿದಳೆಂದರೆ ಅವನು ಎಲೆ ಜಗಿಯುವುದನ್ನೂ ಬಿಟ್ಟ. ಯಾರೂ ನಗಲಿಲ್ಲ. ಹೊರಗೆ ದನ ಮನೆಗೆ ಬರುತ್ತಿದ್ದವು, ಕೊರಳಗಂಟೆ ಕೇಳುತ್ತಿತ್ತು. ಮುಹೂರ್ತ ಬಂದು ನಿಂತಿತ್ತು, ಅವನ ಮಾತು ಇನ್ನೂ ಬಂದಿರಲಿಲ್ಲ. ದ್ರೌಪತಿ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ, ಮಾತನ್ನು ಅವನ ಬಾಯಿಂದ ಕಸಿದುಕೊಳ್ಳಲೂ ಇಲ್ಲ.

"ಅ... ಅವತ್ತ... ಹೆಣ್ಣ ನೋಡಾಕ ಬ... ಬಂದಾಗ... ಕೈ ತೊ... ತೊಳಿಯಾಕ ಹಿತ್ತಲಕ್ಕ ಹೋಗಿದ್ದೆ." ಉಸಿರು ಎಳೆದುಕೊಂಡ. "ಆಡಿನ ಮ... ಮರಿ ಯಾರದೋ ಧೋತರ ತಿ... ತಿನ್ನಾಕತ್ತಿತ್ತು. ಈ... ಈಕಿ ನಿಂತು ನಗಾಕತ್ತಿದ್ಲು. ಜೋ... ಜೋರಲೇ. ಹ... ಹಲ್ಲ ಎಲ್ಲಾ ಕಂಡವು."

ದ್ರೌಪತಿಗೆ ಕಿವಿಯ ತನಕ ಬಿಸಿಯೇರಿತು. ಹೌದು, ಬಂಡೆಪ್ಪನ ಧೋತರ ಅದು. ಬೀಗರೆಲ್ಲ ಪಡಸಾಲೆಯಲ್ಲಿದ್ದಾರೆಂದು ಗೋಡೆಯ ಮರೆಯಲ್ಲಿ ಮನಸಾರೆ ನಕ್ಕಿದ್ದಳು.

"ಅ... ಅದಕ್ಕ ನಾ ಹೂಂ ಅಂದೆ" ಎಂದ ಸೂರ್ಯಕಾಂತ.

ಶಕುಂತಲಾಬಾಯಿ ಕಂಬಕ್ಕೆ ಆತು ನಿಂತಳು. ಎರಡು ತಿಂಗಳ ಅವಳ ಕಾವಲೆಲ್ಲ ನೀರಲ್ಲಿ ಹೋಮವಾಗಿತ್ತು. ರುಕ್ಮಿಣಿಬಾಯಿ ಮಾತ್ರ ಸೂರ್ಯಕಾಂತನ ಮುಖವನ್ನೇ ನೋಡುತ್ತಿದ್ದಳು. ಅವನು ಇಷ್ಟುದ್ದ ಮಾತನ್ನು ತುದಿಮುಟ್ಟ ಆಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಅವನಿಗೆ ನೋವಾಗಬಾರದೆಂದು, ಮಂದಿ ನಗಬಾರದೆಂದು, ಪ್ರತಿ ಸಲವೂ ತಾನೇ ಮುಗಿಸಿಬಿಟ್ಟಿದ್ದಳು.

"ಇದನ್ನ ಅವತ್ತೇ ನನಗ ಯಾಕ ಹೇಳಲಿಲ್ಲೋ, ನನ್ನಪ್ಪಾ?" ಎಂದಳು. ಕಣ್ಣಲ್ಲಿ ನೀರು ತುಂಬಿಬಂದಿತ್ತು.

ಸೂರ್ಯಕಾಂತ ಮತ್ತೆ ತುಟಿ ಕೂಡಿಸಿದ, ಮತ್ತೆ ಸಿಕ್ಕಿಬಿದ್ದ. ಈ ಸಲ ರುಕ್ಮಿಣಿಬಾಯಿಯೂ ಕಾದಳು.

"ನೀ... ನೀ ಕೇ... ಕೇಳಲಿಲ್ಲ, ಅತ್ತಿ."

ರುಕ್ಮಿಣಿಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ಕಟ್ಟಿದ್ದ ಉಡಿ ಅಕ್ಕಿಯ ಗಂಟನ್ನು ಬಿಚ್ಚಿದಳು. ತಟ್ಟೆಯಿಂದ ಹಿಡಿ ತುಂಬ ಸಕ್ಕರೆ ತೆಗೆದುಕೊಂಡು ದ್ರೌಪತಿಯ ಮುಂದೆ ಬಂದು ಕೂತಳು.

"ತಗಿಯವ್ವ ಬಾಯಿ" ಎಂದಳು. "ಪೂರಾ ತಗಿ."